ಬಸರಿ ಮರದ ನೆರಳಿಗೆ ಕೂತವರು

ನಮ್ಮ ಊರಿನಲ್ಲಿ ಮರ ಕಡಿದರೂ ನೆರಳು ಹೋಗುವುದಿಲ್ಲ. ಮರ ಇದ್ದಾಗ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಹೇಗೆ ಬೀಳುತ್ತಿತ್ತೋ ಹಾಗೆಯೇ ಬೀಳುತ್ತಿರುತ್ತದೆ. ಆದರೆ ಅದಕ್ಕೆ ಯಾರಾದರೂ ಕೂರಬೇಕು. ಬಿಸಿಲೇರಿದ ಮೇಲೆ ಒಬ್ಬರಾದರೂ ಹೋಗಿ ಹೊತ್ತು ಇಳಿಯುವವರೆಗೆ ಅಲ್ಲಿ ಕೂತಿದ್ದರೆ ನೆರಳು ನಿಲ್ಲುತ್ತದೆ. ಕೂರುವವರಿಲ್ಲದ ನೆರಳು ಹಳೆಯ ಸೀರೆಯ ಹಾಗೆ ಅಲ್ಲಲ್ಲಿ ಪಿಸಿದು, ತೆಳ್ಳಗಾಗಿ, ಹೊರಟುಹೋಗುತ್ತದೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಕುಲಗೋತ್ರಕ್ಕಿಂತ ಮೊದಲು, ನಿಮ್ಮ ಮನೆಯವರು ಯಾವ ನೆರಳಿಗೆ ಕೂರುತ್ತೀರಿ ಎಂದು ಕೇಳುತ್ತಾರೆ.

ನೆರಳು ಹೇಗೂ ಉಳಿಯುತ್ತದಲ್ಲ ಎಂದೇ ಹಿಂದಿನವರು ಮರಗಳನ್ನೆಲ್ಲ ಕಡಿದುಹಾಕಿದರು. ಮನೆಗೆ ತೊಲೆಯಾಯಿತು, ಒಲೆಗೆ ಸೌದೆಯಾಯಿತು, ನೆರಳಂತೂ ಇದ್ದೇ ಇತ್ತು. ಯಾರಿಗೂ ನಷ್ಟವಾದಂತೆ ಕಾಣಲಿಲ್ಲ. ಹಾಗೆ ಕಡಿದವರಲ್ಲಿ ನಮ್ಮಪ್ಪ ಜವರಯ್ಯನೂ ಒಬ್ಬ. ಎತ್ತರದ ಕೊಂಬೆಗೆ ಹತ್ತಿ ಹಗ್ಗ ಬಿಗಿಯುವ ಕೆಲಸ ಅವನದು. ಅಪ್ಪ ಹತ್ತದ ಮರ ಈ ಊರಿನಲ್ಲಿರಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ಕಟ್ಟಕಡೆಗೆ ಉಳಿದದ್ದು ನಮ್ಮ ಬೀದಿಯ ಬಸರಿ ಮರ. ಅದಕ್ಕೂ ಅವನೇ ಹತ್ತಿದ. ಮೇಲಿನ ಕೊಂಬೆಗೆ ಹಗ್ಗ ಬಿಗಿದು, ಅಲ್ಲೇ ನಿಂತು, ಬೆವರು ಒರೆಸಿಕೊಳ್ಳಲು ಕೈ ಎತ್ತಿದ್ದನಂತೆ. ಬುಡ ಕೊಯ್ಯುತ್ತಿದ್ದವರು ಅವನು ಇಳಿದಿದ್ದಾನೆ ಎಂದುಕೊಂಡರು. ಮರ ಬಿತ್ತು. ಅಪ್ಪನನ್ನು ಎತ್ತಿ ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಮಣ್ಣಿಗೆ ಒಯ್ದರು. ಎಲ್ಲ ಮುಗಿಸಿ ಮನೆಗೆ ಬಂದು ನೋಡಿದರೆ ಬಸರಿಯ ನೆರಳು ಎಂದಿನಂತೆ ಬೀದಿಯ ತುಂಬ ಹರಡಿತ್ತು. ಅದರ ಮೇಲುಗೊಂಬೆಯಲ್ಲಿ ಅಪ್ಪನ ನೆರಳು ನಿಂತಿತ್ತು, ಒಂದು ಕೈ ಹಣೆಗೆ ಎತ್ತಿಕೊಂಡು.

ನಾನಾಗ ಇನ್ನೂ ಕೂಸು. ಅವ್ವ ಅಳಲಿಲ್ಲವಂತೆ. ಚಾಪೆ ತೆಗೆದುಕೊಂಡು ಹೋಗಿ ನೆರಳಿಗೆ ಕೂತಳಂತೆ.

ನಾನು ಸ್ಕೂಲಿಗೆ ಹೋಗುವಷ್ಟಾದ ಮೇಲೆ ಅವ್ವ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗಬೇಕಾಗಿ ಬಂತು. ಆಗ ಅವಳ ಬದಲು ನಾನು ಸ್ಕೂಲು ಬಿಟ್ಟು ನೆರಳಿಗೆ ಕೂತೆ. ಬೇರೆ ಮನೆಯವರೂ ಸರದಿಯ ಮೇಲೆ ಬಂದು ಕೂರುತ್ತಿದ್ದರು, ಆದರೆ ಅವ್ವ ಯಾರನ್ನೂ ನಂಬುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಕೂತು ನನಗೆ ನೋಡುವುದು ಅಭ್ಯಾಸವಾಯಿತು, ಮಾತು ಕಡಿಮೆಯಾಯಿತು. ಅಪ್ಪನ ಮುಖ ನನಗೆ ನೆನಪಿಲ್ಲ. ನೆರಳಿಗೆ ಮುಖ ಇರುವುದಿಲ್ಲ. ಆದರೆ ಸೊಂಟಕ್ಕೆ ಕಟ್ಟಿದ ಟವೆಲ್ಲಿನ ಗಂಟು, ಬನಿಯನ್ನಿನ ಹರಿದ ಅಂಚು, ಮೊಣಕಾಲಿನ ಬಾಗು, ಇವೆಲ್ಲ ನನಗೆ ಕಣ್ಣು ಮುಚ್ಚಿದರೂ ಕಾಣುತ್ತವೆ. ಸಂಜೆ ಹೊತ್ತಿಗೆ ನೆರಳು ನಮ್ಮ ಮನೆಯ ಕಡೆ ಚಾಚುತ್ತಿತ್ತು. ಅಪ್ಪ ಹೊಸಿಲು ದಾಟಿ, ಒಳಗಿನ ಗೋಡೆ ಏರಿ, ದೀಪ ಹಚ್ಚುವವರೆಗೆ ಅಲ್ಲಿರುತ್ತಿದ್ದ. ಆ ಗೋಡೆಗೆ ಅವ್ವ ಒಂದು ಮೊಳೆಯನ್ನೂ ಹೊಡೆಯಲು ಬಿಟ್ಟವಳಲ್ಲ.

"ಏನ್ ಹೊಂಬೀ, ಬದುಕಿದ್ದಾಗ ನಿನ್ ಗಂಡ ಕತ್ಲಾದ್ರೂ ಮನೆ ಸೇರ್ತಿರ್ನಿಲ್ಲ. ಈಗ ನೋಡು, ದೀಪ ಹಚ್ಚೋಕ್ ಮುಂಚೇನೆ ಬಂದು ನಿಂತಿರ್ತಾನೆ," ಎಂದು ಎದುರುಮನೆಯ ಗುಂಡಜ್ಜಿ ಹಂಗಿಸುತ್ತಿದ್ದಳು.

"ನಿನ್ ಗಂಡ ಬದುಕಿದ್ದೂ ಬರಾಕಿಲ್ವಲ್ಲಜ್ಜಿ, ಅದುಕ್ಕೇನಂತೀಯ," ಎಂದು ಅವ್ವ ಕೈಯಲ್ಲಿದ್ದ ಕೆಲಸ ಬಿಡದೆ ಹೇಳುತ್ತಿದ್ದಳು. ಗುಂಡಜ್ಜಿ ಬೊಚ್ಚುಬಾಯಿ ತೆರೆದು ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದಳು.

ಆಮೇಲೆ ಅವ್ವ ಗೂಡಿನ ಕೆಲಸ ಬಿಟ್ಟು, ಮನೆಗೆ ತಂದು ಊದುಬತ್ತಿ ಹೊಸೆಯುವ ಕೆಲಸ ಹಿಡಿದಳು. ಹಲಗೆ ಇಟ್ಟುಕೊಂಡು ನೆರಳಲ್ಲೇ ಕೂತು ಹೊಸೆಯಬಹುದಾಗಿತ್ತು. ಹಾಗೆ ನನಗೆ ಬಿಡುವಾದಾಗ ನಾನು ಹಿಡಿಮಣ್ಣಿಗೆ ಸೇರಿದೆ.

ಹಿಡಿಮಣ್ಣು ಎಂದರೆ ನಮ್ಮೂರಿನ ಒಂದು ಸಣ್ಣ ಸಂಘ. ಮುಚ್ಚಿಹೋದ ರೇಷನ್ ಅಂಗಡಿಯಲ್ಲಿ ಅದರ ಆಫೀಸು. ನಡೆಸುವವರು ವಾರಿಜಾಕ್ಷಿ ಟೀಚರ್, ನಾನು ಬಿಟ್ಟ ಸ್ಕೂಲಿನಲ್ಲೇ ಪಾಠ ಹೇಳಿ ರಿಟೈರಾದವರು. ಊರವರು ಕೈಲಾದಷ್ಟು ಕೊಟ್ಟದ್ದನ್ನು ಕೂಡಿಸಿ ಸಣ್ಣ ಸಣ್ಣ ಕೆಲಸಗಳಿಗೆ ಕೊಡುತ್ತಿದ್ದರು. ಸಂತೆಮಾಳದ ಹಿಂದೆ ಗೊಬ್ಬರದ ಗುಂಡಿ ತೋಡಿಸಿದ್ದು, ಕೆಟ್ಟ ಕೈಪಂಪನ್ನು ಬೀದಿಯವರೇ ರಿಪೇರಿ ಮಾಡಿಕೊಳ್ಳಲು ಸಾಮಾನು ಕೊಡಿಸಿದ್ದು, ಹಳೇ ಬಟ್ಟೆಯಲ್ಲಿ ಚೀಲ ಹೊಲಿಯುವವರಿಗೆ ಒಂದು ಮಿಷಿನ್ನು ಕೊಡಿಸಿದ್ದು, ಇಂಥವು. ಎಲ್ಲಕ್ಕಿಂತ ದೊಡ್ಡದೆಂದರೆ ಗಿಡದ ಕೆಲಸ. ಯಾವ ಬೀದಿಯವರು ತಮ್ಮ ಹಳೇ ನೆರಳಿನಿಂದ ಏಳುತ್ತಾರೋ ಆ ಬೀದಿಗೆ ಸಸಿ, ಅದರ ಸುತ್ತ ಬೇಲಿ, ನೀರಿಗೊಂದು ತೊಟ್ಟಿ. ಹಳೇ ನೆರಳು ಬಿದ್ದ ನೆಲದಲ್ಲಿ ಹೊಸ ಗಿಡ ಏಳುವುದಿಲ್ಲ. ನಮ್ಮೂರಿನಲ್ಲಿ ಒಳ್ಳೇ ಮಣ್ಣಿರುವ ಜಾಗವೆಲ್ಲ ಯಾವುದಾದರೊಂದು ಹಳೇ ನೆರಳಿನ ಕೆಳಗೇ ಇತ್ತು.

ನಾನು ಅಲ್ಲಿ ಸಸಿಗಳಿಗೆ ಮಣ್ಣು ತುಂಬಿಸುತ್ತಿದ್ದೆ, ನೀರು ಹಾಕುತ್ತಿದ್ದೆ. ಟೀಚರ್ ಒಂದು ಮಾತು ಯಾವಾಗಲೂ ಹೇಳುತ್ತಿದ್ದರು. "ಬೀದಿಯಲ್ಲಿ ಒಬ್ಬರು ಒಲ್ಲೆ ಅಂದರೂ ಬೇಡ. ನಾವು ಯಾರನ್ನೂ ಎಬ್ಬಿಸೋಕೆ ಹೋಗಬಾರದು. ಎಬ್ಬಿಸಿಕೊಂಡು ಎದ್ದವರು ಮತ್ತೆ ಹೋಗಿ ಕೂರ್ತಾರೆ."

ಗಾಣದ ಬೀದಿಯವರು ಮೊದಲು ಎದ್ದರು. ಅವರ ಗಿಡಗಳು ಆಳೆತ್ತರ ಬಂದಾಗ ಆ ಬೀದಿಗೆ ಗಾಳಿ ಬರತೊಡಗಿತು. ನಮ್ಮ ಬೀದಿಯ ಹೆಂಗಸರು ಉಪ್ಪು ಸಾಲ ಕೇಳುವ ನೆವದಲ್ಲಿ ಅಲ್ಲಿಗೆ ಹೋಗಿ ಜಗಲಿಯ ಮೇಲೆ ಸುಮ್ಮನೆ ನಿಂತು ಬರುತ್ತಿದ್ದರು. ಯಾಕೆಂದರೆ ನಮ್ಮ ಬಸರಿಯ ನೆರಳು ಹಳಸಿಹೋಗಿತ್ತು. ಕಡಿದ ಹೊಸದರಲ್ಲಿ ನೆರಳು ತಂಪಾಗಿಯೇ ಇರುತ್ತದೆ. ವರ್ಷ ಕಳೆದಂತೆ ಅದಕ್ಕೆ ಶಾಖ ಹತ್ತುತ್ತದೆ. ನೋಡಲು ಕಪ್ಪಗಿರುತ್ತದೆ, ಕೂತರೆ ಕಾವಲಿಯ ಮೇಲೆ ಕೂತ ಹಾಗೆ. ಎಲೆ ಅಲ್ಲಾಡುವುದಿಲ್ಲ, ಹಕ್ಕಿ ಬರುವುದಿಲ್ಲ. ಮೋಡ ಬೀದಿಯ ಆಚೆ ನಿಂತು ಸುರಿದು ಹೋಗುತ್ತದೆ. ಕೈಪಂಪು ಹೊಡೆದರೆ ಗಾಳಿಯೇ ಹೆಚ್ಚು ಬರುತ್ತಿತ್ತು.

ಬೀದಿಯವರು ಟೀಚರನ್ನು ಕರೆಸಿದರು. ನೆರಳಲ್ಲೇ ಎಲ್ಲ ಸೇರಿದ್ದರು. ನಾನು ಟೀಚರ ಹಿಂದೆ ಸಸಿಯ ಬುಟ್ಟಿ ಹಿಡಿದು ನಿಂತಿದ್ದೆ. ಒಬ್ಬೊಬ್ಬರೂ ಏಳುತ್ತೇವೆ ಎಂದರು. ಗುಂಡಜ್ಜಿ ಕೂಡ, "ನಂಗೇನು, ಎಲ್ಲಿ ಕೂತ್ರೂ ಸೊಂಟ ನೋಯ್ತದೆ," ಎಂದಳು. ಕೊನೆಗೆ ಎಲ್ಲರೂ ಅವ್ವನ ಕಡೆ ನೋಡಿದರು.

ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನೀವೆಲ್ಲ ಏಳ್ರವ್ವ, ಬ್ಯಾಡ ಅಂದೋರ್ಯಾರು. ನಾನೊಬ್ಳು ಕೂತಿರ್ತೀನಿ. ನೆಳ್ಳು ನಿಲ್ಲಾಕೆ ಒಬ್ರು ಸಾಕು."

"ಹೊಂಬಮ್ಮ, ನೆರಳಿದ್ದರೆ ಗಿಡ ಬರೋದಿಲ್ಲವಲ್ಲ," ಎಂದರು ಟೀಚರ್.

"ಹಂಗಾರೆ ಗಿಡ ಬ್ಯಾಡ ಬುಡಿ."

"ಬೀದಿಗೆಲ್ಲ ಒಳ್ಳೇದಾಗೋ ಕೆಲಸ ಕಣಕ್ಕ," ಎಂದು ಹಿಂದಿನಿಂದ ಯಾರೋ ಅಂದರು.

ಅವ್ವ ತಲೆ ಎತ್ತಿದಳು. "ಈ ಬೀದಿ ಒಳ್ಳೇದುಕ್ಕೇ ಅಲ್ವ ಅವರು ಮರ ಹತ್ತಿದ್ದು? ಆ ಮರದಲ್ಲಿ ನಿಮ್ಮನೇಗೆ ತೊಲೆ ಆಯ್ತು, ಇವರ ಮನೇಗೆ ಬಾಗ್ಲಾಯ್ತು. ನನ್ ಪಾಲಿಗೆ ಬಂದಿದ್ದು ಇದೊಂದು. ಇದ್ನೂ ಕೇಳ್ತೀರಲ್ಲ, ಮಕ ಅದೆಯಾ ನಿಮ್ಗೆ?"

ಟೀಚರ್ ಎದ್ದು ಸೆರಗು ಸರಿಮಾಡಿಕೊಂಡು, "ಆಯ್ತಮ್ಮ," ಎಂದಷ್ಟೇ ಹೇಳಿ ಹೊರಟರು. ನಾನು ಬುಟ್ಟಿ ಹಿಡಿದು ಅವರ ಹಿಂದೆ ಹೋದೆ. ನಿಮ್ಮವ್ವನಿಗೆ ನೀನಾದರೂ ಹೇಳು ಎಂದು ದಾರಿಯಲ್ಲಿ ಅವರು ಕೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ತಿಳಿಯದು. ನನಗೆ ಗಿಡವೂ ಬೇಕಾಗಿತ್ತು, ಗೋಡೆಯ ಮೇಲೆ ಅಪ್ಪನೂ ಬೇಕಾಗಿದ್ದ.

ಆಮೇಲೆ ಬೀದಿಯವರು ಅವ್ವನ ಜೊತೆ ಕೂರುವುದನ್ನು ಬಿಟ್ಟರು. ಪಂಪಿನ ಹತ್ತಿರ ನನ್ನ ಕೊಡ ಕಂಡರೆ ಮಾತು ನಿಲ್ಲುತ್ತಿತ್ತು. ನಮ್ಮ ಮನೆಗೆ ಬಂದುಹೋಗುತ್ತಿದ್ದವರು ತಲೆ ತಗ್ಗಿಸಿ ದಾಟಿಹೋಗುತ್ತಿದ್ದರು. ಅಷ್ಟು ದೊಡ್ಡ ನೆರಳಿನಲ್ಲಿ ಅವ್ವ ಒಬ್ಬಳೇ ಕೂತಿರುತ್ತಿದ್ದಳು. ಗುಂಡಜ್ಜಿ ಮಾತ್ರ ಬರುತ್ತಿದ್ದಳು, ಜಗಳಕ್ಕೆ ಅವಳಿಗೆ ಬೇರೆ ಯಾರೂ ಇರಲಿಲ್ಲ. ಇನ್ನೊಬ್ಬಳು ಜರೀನಾ. ತಗಡಿನ ಮನೆಯ ಜರೀನಾಳಿಗೆ ಇನ್ನೂ ಮಗ್ಗುಲು ಬದಲಿಸಲು ಕಲಿಯುತ್ತಿದ್ದ ಹೆಣ್ಣುಕೂಸು. ಮುನ್ನಿ ಎಂದು ಕರೆಯುತ್ತಿದ್ದರು. ಸೆಕೆಗೆ ಅದರ ಕತ್ತು, ಬೆನ್ನು, ತೊಡೆಯ ಸಂದು ಎಲ್ಲ ಬೊಕ್ಕೆ. ತಗಡಿನ ಕೆಳಗೆ ಮಲಗಿಸಲಾಗದೆ ಅವಳು ಮಗುವನ್ನು ತಂದು ಅವ್ವನ ಪಕ್ಕ ಚಾಪೆಯ ಮೇಲೆ ಹಾಕುತ್ತಿದ್ದಳು. ಏಳಿ ಎಂದು ಅವಳು ಒಂದು ದಿನವೂ ಅವ್ವನನ್ನು ಕೇಳಲಿಲ್ಲ.

ಒಂದು ಮಧ್ಯಾಹ್ನ ಮುನ್ನಿ ಅಳು ನಿಲ್ಲಿಸಲೇ ಇಲ್ಲ. ಅತ್ತು ಅತ್ತು ಅದರ ದನಿ ಒಡೆದಿತ್ತು. ನಾನು ಊಟಕ್ಕೆ ಬಂದವಳು ಅಲ್ಲೇ ನಿಂತೆ. ಅವ್ವ ಬತ್ತಿಯ ಹಲಗೆ ಪಕ್ಕಕ್ಕಿಟ್ಟು, ಬೀಸಣಿಗೆಯಿಂದ ಗಾಳಿ ಹಾಕಿದಳು, ಸೆರಗು ಒದ್ದೆ ಮಾಡಿ ಒರೆಸಿದಳು.

"ಇಲ್ಲಿ ಬ್ಯಾಡ ಜರೀನಾ, ಸುಡ್ತದೆ. ಆ ಕಡೆ ಹಾಕು," ಎಂದಳು.

"ಆ ಕಡೇನೂ ಸುಡ್ತದೆ ಅಕ್ಕಾ. ಎಲ್ಲಾ ಕಡೇನೂ ನೋಡ್ದೆ," ಎಂದಳು ಜರೀನಾ. ಅವಳ ದನಿಯಲ್ಲಿ ದೂರು ಇರಲಿಲ್ಲ. ಅವಳಿಗೆ ನಿದ್ದೆ ಇಲ್ಲದೆ ಎಷ್ಟು ದಿನವಾಗಿತ್ತೋ.

ಅವ್ವ ಚೊಂಬು ತೆಗೆದುಕೊಂಡು ನೆಲಕ್ಕೆ ನೀರು ಚಿಮುಕಿಸಿದಳು. ಚುರ್ರೆಂದು ನೀರು ಆರಿತು. ಅದು ಬಿದ್ದದ್ದು ಅಪ್ಪನ ಪಾದದ ಮೇಲೆ. ಮಧ್ಯಾಹ್ನ ಅವನ ನೆರಳು ಕುಗ್ಗಿ, ಅವ್ವನ ಚಾಪೆಯ ಅಂಚಿಗೇ ಬಂದಿರುತ್ತಿತ್ತು. ಅವ್ವ ಬಗ್ಗಿ ಅಲ್ಲಿ ಅಂಗೈ ಊರಿದಳು. ತಟ್ಟನೆ ಕೈ ಹಿಂದಕ್ಕೆ ತೆಗೆದಳು. ಮತ್ತೆ ಊರಿದಳು. ಪಾದದಿಂದ ಮೊಣಕಾಲಿಗೆ, ಅಲ್ಲಿಂದ ಎತ್ತಿದ ಕೈಯವರೆಗೆ ಮುಟ್ಟಿ ಮುಟ್ಟಿ ನೋಡಿದಳು. ಇಷ್ಟು ವರ್ಷ ಅವಳು ಆ ನೆರಳನ್ನು ಒಂದು ಸಲವೂ ಮುಟ್ಟಿದ್ದು ನಾನು ಕಂಡಿರಲಿಲ್ಲ.

"ದೇವೀರಿ," ಎಂದು ನನ್ನನ್ನು ಕರೆದಳು. "ನಿಮ್ಮಪ್ಪನ ಕಾಲು ಸುಡ್ತಾ ಅದೆ ಕಣೇ."

ನಾನು ಹೋಗಿ ಅವಳ ಪಕ್ಕ ಕೂತೆ.

"ಎತ್ತಿದ ಕೈ ಎತ್ತಿದಂಗೇ ಅದೆ. ಎಷ್ಟ್ ವರ್ಷ ಆಯ್ತು? ಒಂದ್ ಗಳಿಗೆ ಕೂತಿಲ್ಲ. ಎಲ್ರೂ ಇಳಿದು ಮನೇಗ್ ಹೋದ್ರು, ಅವರೊಬ್ರು ಮರದ್ ಮ್ಯಾಲೇ ಅವ್ರೆ." ಅವಳು ಮಗುವನ್ನು ಎತ್ತಿ ಜರೀನಾಳ ಕೈಗೆ ಕೊಟ್ಟಳು. "ನಾನೇ ನಿಲ್ಲಿಸ್ಬಿಟ್ಟಿವ್ನಿ. ಸಾಕು. ಇಳೀಲಿ."

ಅಂದು ಹೊತ್ತು ಮುಳುಗುವವರೆಗೆ ಕೂತಿದ್ದು ಎದ್ದಳು. ನಮ್ಮಲ್ಲಿ ನೆರಳು ಬಿಟ್ಟು ಏಳುವುದಕ್ಕೆ ಒಂದು ರೀತಿ ಇದೆ. ಕೂತ ಜಾಗವನ್ನು ಗುಡಿಸಬೇಕು, ಚಾಪೆ ಮಡಚಿ ಕಂಕುಳಲ್ಲಿಟ್ಟುಕೊಳ್ಳಬೇಕು, ಹಿಂದೆ ತಿರುಗಿ ನೋಡಬಾರದು. ಅವ್ವ ಎಲ್ಲವನ್ನೂ ಮಾಡಿದಳು. ಬೀದಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮಾರನೆಯ ದಿನದಿಂದ ನೆರಳು ಪಿಸಿಯತೊಡಗಿತು. ಮೊದಲು ಎಲೆಗಳು ಹೋದವು. ಆಮೇಲೆ ಸಣ್ಣ ರೆಂಬೆಗಳು. ಅವ್ವ ಬೀದಿಯ ಕಡೆಯ ಬಾಗಿಲು ಮುಚ್ಚಿ ಅಡುಗೆಮನೆಯಲ್ಲಿ ಕೂತು ಬತ್ತಿ ಹೊಸೆದಳು. ಸಂಜೆ ಮಾತ್ರ ಬಾಗಿಲು ತೆರೆದಿಡು ಎಂದು ನನಗೆ ಹೇಳುತ್ತಿದ್ದಳು, ಆದರೆ ತಾನು ಗೋಡೆಯ ಕಡೆ ಬೆನ್ನು ಹಾಕಿ ಒಲೆಯ ಮುಂದೆ ಇರುತ್ತಿದ್ದಳು. ನೋಡುವ ಕೆಲಸ ನನಗೆ ಬಿಟ್ಟಿದ್ದಳು. ಕೊಂಬೆಗಳೆಲ್ಲ ಹೋದ ಮೇಲೆಯೂ ಅಪ್ಪ ಬಂದ. ಕಾಲ ಕೆಳಗೆ ಏನೂ ಇಲ್ಲದೆ, ಬರೀ ಸುಣ್ಣದ ಗೋಡೆಯ ಮೇಲೆ, ಕೈ ಎತ್ತಿಕೊಂಡೇ ನಿಂತಿದ್ದ. ಇನ್ನೊಂದು ಸಂಜೆ ಟವೆಲ್ಲಿನ ಗಂಟು ಕಾಣಲಿಲ್ಲ. ಆಮೇಲೆ ಕಾಲು. ಆಮೇಲೆ ಬರೀ ಒಂದು ಕೈ ಬಂದು ಗೋಡೆಯ ಮೇಲೆ ಸ್ವಲ್ಪ ಹೊತ್ತು ಇತ್ತು.

ಏನೂ ಬಾರದ ಸಂಜೆ ನಾನು ಬಹಳ ಹೊತ್ತು ಕಾದೆ. ಗೋಡೆ ಖಾಲಿಯಾಗಿತ್ತು. ಅದರ ಮೇಲೆ ಹಲ್ಲಿಯೊಂದು ಹರಿದುಹೋಯಿತು.

"ಇಳಿದ್ರಾ?" ಎಂದು ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು.

"ಇಳಿದ್ರು ಕಣವ್ವ," ಎಂದೆ.

"ಉಂಡು ಮಲಗು," ಎಂದಳು.

ಬೆಳಗಾದರೆ ಬೀದಿಗೆ ಬಿಸಿಲು ಬಂದಿತ್ತು. ಇಷ್ಟು ವರ್ಷ ಕಾಣದಿದ್ದ ಗೋಡೆಯ ಬಿರುಕು, ಬಾಗಿಲ ಮೇಲಿನ ತುಕ್ಕು, ಮೂಲೆಯ ಕಸ, ಎಲ್ಲ ಎದ್ದು ಕಂಡವು. ಜನ ಕಣ್ಣಿಗೆ ಕೈ ಅಡ್ಡ ಹಿಡಿದು ಒಬ್ಬರನ್ನೊಬ್ಬರು ನೋಡಿಕೊಂಡರು. ಟೀಚರ್ ಹೊಂಗೆಯ ಸಸಿ ತಂದರು. ಬೇಲಿ ಬಂತು, ನೀರಿನ ತೊಟ್ಟಿ ಬಂತು. ಬಸರಿಯ ಬುಡ ಇದ್ದ ಜಾಗದಲ್ಲೇ ಗುಂಡಿ ತೋಡಿದರು. ನೀವೇ ನೆಡಿ ಎಂದು ಟೀಚರ್ ಸಸಿಯನ್ನು ಅವ್ವನ ಮುಂದೆ ಹಿಡಿದರು. ಅವ್ವ ಕೈ ಚಾಚಲಿಲ್ಲ. "ಯಾರಾದ್ರೂ ನೆಡಿ," ಎಂದು ಬಾಗಿಲಲ್ಲೇ ನಿಂತಳು.

ನೆಟ್ಟದ್ದಾಯಿತು. ಆದರೆ ನಮ್ಮ ಜನಕ್ಕೆ ಬಿಸಿಲಿನಲ್ಲಿ ಏನನ್ನೂ ಬಿಟ್ಟು ಗೊತ್ತಿಲ್ಲ. ಮಧ್ಯಾಹ್ನವಾಗುತ್ತಲೂ ಅಷ್ಟು ಎಳೆಯ ಗಿಡ ಸುಡುವ ಬಿಸಿಲಿನಲ್ಲಿ ಒಂಟಿಯಾಗಿ ನಿಂತಿರುವುದನ್ನು ನೋಡಿ ಗುಂಡಜ್ಜಿಗೆ ತಡೆಯಲಾಗಲಿಲ್ಲ. ಕೊಡೆ ಬಿಚ್ಚಿಕೊಂಡು ಹೋಗಿ ಅದರ ಪಕ್ಕ ಕೂತಳು. ಮರುದಿನ ಜರೀನಾ ಮಗುವಿನ ತೊಟ್ಟಿಲಿನ ಬಟ್ಟೆ ತಂದು ಬೇಲಿಯ ಮೇಲೆ ಹೊದಿಸಿದಳು. ಇನ್ನೊಬ್ಬರು ಗೋಣಿತಾಟು ಕಟ್ಟಿದರು. ಬೀದಿಯವರೆಲ್ಲ ಮತ್ತೆ ಸರದಿ ಹಾಕಿಕೊಂಡು ಗಿಡಕ್ಕೆ ಕೂರತೊಡಗಿದರು. ಕೂತವರೆಲ್ಲ ಒಂದೊಂದು ಚೊಂಬು ನೀರು ಹಾಕುತ್ತಿದ್ದರು. ಕೊನೆಗೆ ಅವ್ವನೂ ಬಾಗಿಲು ಬಿಟ್ಟು ಬಂದಳು. ತನ್ನ ಮದುವೆಯ ಸೀರೆ ತಂದು ಎಲ್ಲದರ ಮೇಲೆ ಹೊದಿಸಿ, ಪಕ್ಕದಲ್ಲಿ ಕೂತಳು. ಅವಳು ಮತ್ತೆ ಜನರ ನಡುವೆ ಕೂತದ್ದನ್ನು ಕಂಡು ನನಗೆ ಎಷ್ಟು ಹಿತವಾಯಿತೆಂದರೆ, ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಲು ಬಾಯಿ ಬರಲಿಲ್ಲ.

"ಅದಕ್ಕೆ ಬಿಸ್ಲು ಬೇಕು ಅಂತಾರೆ ಟೀಚರ್. ನೀರೂ ಇಷ್ಟು ಬ್ಯಾಡ್ವಂತೆ," ಎಂದೆ ಮೆಲ್ಲಗೆ.

"ನಿನ್ ಟೀಚರ್‌ಗೇನು, ಫ್ಯಾನ್ ಕೆಳಗೆ ಕೂತ್ಕಂಡು ಹೇಳ್ತಾರೆ," ಎಂದಳು ಗುಂಡಜ್ಜಿ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಸಸಿ ಬಟ್ಟೆಯ ಒಳಗೆ ಬಿಳಿಚಿಕೊಂಡು, ಬೆಳಕಿದ್ದ ಸಂದಿಯ ಕಡೆ ಕತ್ತು ಚಾಚಿತು. ಸುದ್ದಿ ಕೇಳಿ ಟೀಚರ್ ಓಡಿ ಬಂದು ಬಟ್ಟೆಗಳನ್ನೆಲ್ಲ ತೆಗೆಸಿದಾಗ ಎಲೆಗಳು ಮುಟ್ಟಿದರೆ ಉದುರುತ್ತಿದ್ದವು. ಅವ್ವ ಬೇಲಿಯೊಳಗೆ ಕೈ ಹಾಕಿ ಎಳೆದಳು. ಏನೂ ಶ್ರಮವಿಲ್ಲದೆ ಕಿತ್ತುಬಂತು. ಬೇರು ಕೊಳೆತು ಕಪ್ಪಗಾಗಿತ್ತು.

ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಬೀದಿಯ ನಡುವೆ ಬಿಸಿಲಿನಲ್ಲಿ ಕೂತಳು. "ಅವರನ್ನ ಇಳಿಸಿದ್ದು ಇದುಕ್ಕಾ," ಎಂದಳು. ಆಮೇಲೆ ಅತ್ತಳು. ಸತ್ತವರ ನೆರಳು ಉಳಿದಿರುವ ಮನೆಯಲ್ಲಿ ಅಳುವುದು ನಮ್ಮಲ್ಲಿಲ್ಲ. ಹಾಗಾಗಿ ಅವಳು ಅಪ್ಪನಿಗಾಗಿ ಅತ್ತದ್ದು ಅದೇ ಮೊದಲು. ಎದೆ ಬಡಿದುಕೊಂಡು, ಅವನ ಹೆಸರು ಹಿಡಿದು, ಹೊಸದಾಗಿ ಹೆಣ ಬಂದ ಮನೆಯಲ್ಲಿ ಅಳುವ ಹಾಗೆ ಅತ್ತಳು. ಗುಂಡಜ್ಜಿ ಬಂದು ಅವಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದಳು. ಬೀದಿಯ ಹೆಂಗಸರು ಸುತ್ತ ಕೂತರು. ಯಾರೂ ಕೊಡೆ ಬಿಚ್ಚಲಿಲ್ಲ.

ಕೆಲವು ದಿನ ಕಳೆದವು. ಆಮೇಲೆ ಒಂದು ಬೆಳಿಗ್ಗೆ ನಾನು ಸಸಿಗಳಿಗೆ ನೀರು ಹಾಕುತ್ತಿದ್ದಾಗ ಅವಳೇ ಹಿಡಿಮಣ್ಣಿನ ಆಫೀಸಿಗೆ ಬಂದಳು. ಅಲ್ಲಿಗೆ ಅವಳು ಹಿಂದೆಂದೂ ಕಾಲಿಟ್ಟವಳಲ್ಲ. ಟೀಚರ್ ಗಾಬರಿಯಿಂದ ಎದ್ದು ನಿಂತರು.

"ನಾನೇ ಬರೋದಿತ್ತು ಹೊಂಬಮ್ಮ. ಯಾವ ಮುಖ ಇಟ್ಟುಕೊಂಡು ಬರಲಿ ಅಂತ..."

"ಇನ್ನೊಂದ್ ಸಸಿ ಕೊಡಿ," ಎಂದಳು ಅವ್ವ.

ಟೀಚರ್ ನನ್ನ ಕಡೆ ನೋಡಿದರು, ಸಸಿಗಳ ಕಡೆ ನೋಡಿದರು. "ಕೊಡ್ತೀನಿ. ಆದರೆ ಇದು ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ."

"ನಾನು ಕೇಳ್ನಿಲ್ವಲ್ಲ."

ಅವ್ವ ತಾನೇ ಬಗ್ಗಿ ಒಂದೊಂದನ್ನೂ ಎತ್ತಿ ನೋಡಿ, ಎತ್ತರವಿಲ್ಲದ, ಕಾಂಡ ಗಟ್ಟಿಯಾದ ಒಂದನ್ನು ಆರಿಸಿಕೊಂಡಳು. ದಾರಿಯುದ್ದಕ್ಕೂ ಸೊಂಟದ ಮೇಲಿಟ್ಟುಕೊಂಡು ಬಂದಳು. ಕೊಡು ಎಂದರೂ ನನಗೆ ಕೊಡಲಿಲ್ಲ. ಹಳೇ ಗುಂಡಿಯ ಕೊಳೆತ ಮಣ್ಣನ್ನೆಲ್ಲ ಹೊರಗೆ ಹಾಕಿಸಿದಳು. ಆಳ ಸಾಲದು ಎಂದು ತಾನೇ ಗುದ್ದಲಿ ತೆಗೆದುಕೊಂಡು ಇನ್ನಷ್ಟು ಅಗೆದಳು. ಆಳದಲ್ಲಿ ಬಸರಿಯ ಹಳೇ ಬೇರೊಂದು ಸಿಕ್ಕಿತು. ಅದನ್ನು ಕೈಯಿಂದ ಒಂದು ಸಲ ಸವರಿ, ಕಡಿದು ಪಕ್ಕಕ್ಕಿಟ್ಟಳು. ಸಸಿ ಇಳಿಸಿ, ಮಣ್ಣು ತುಂಬಿ, ಅಂಗೈಯಿಂದ ಒತ್ತಿದಳು. ಒಂದೇ ಚೊಂಬು ನೀರು ಹಾಕಿದಳು. ಜರೀನಾ ಮುನ್ನಿಯನ್ನು ಎತ್ತಿಕೊಂಡು ದೂರದಲ್ಲಿ ನಿಂತಿದ್ದಳು. ಗುಂಡಜ್ಜಿ ಬಾಗಿಲಲ್ಲೇ ಕೂತಿದ್ದಳು. ನಾನು ಚೊಂಬು ಹಿಡಿದು ಅವ್ವನ ಬೆನ್ನ ಹಿಂದೆ ನಿಂತಿದ್ದೆ. ಬಿಸಿಲು ನೆತ್ತಿಯಿಂದ ಸ್ವಲ್ಪ ವಾಲಿತ್ತು.

ಅವ್ವ ತಿರುಗಿ ನೋಡದೆ ಕೈಯಿಂದ ನನ್ನ ಕಾಲನ್ನು ಮೆಲ್ಲಗೆ ತಳ್ಳಿದಳು.

"ಪಕ್ಕಕ್ ಸರಿ ಮಗ," ಎಂದಳು. "ನಿನ್ ನೆಳ್ಳು ಅದರ ಮ್ಯಾಲೆ ಬೀಳ್ತಾ ಅದೆ."

ನಾನು ಸರಿದು ನಿಂತೆ.